ನಿಪ್ಪಾಣಿಯ ಪರಿಷತ್ತಿನಿಂದ ಕಾರ್ಮಿಕ ಸಂಘದವರೆಗೆ

ಮುಂಬಯಿ ಪ್ರಾಂತದ ಬಹಿಷ್ಕೃತ ವರ್ಗಗಳ ಪರಿಷತ್ತು 1925ರ ಏಪ್ರಿಲ್ ತಿಂಗಳಲ್ಲಿ, ಆಗ ಅದೇ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ, ಡಾ. ಬಿ. ಆರ್. ಅಂಬೇಡ್ಕರ್ ಅವರ ನೇತೃತ್ವದಲ್ಲಿ ನೆರೆಯಿತು. ಅಂಬೇಡ್ಕರರನ್ನು ಸಂವಿಧಾನ ಶಿಲ್ಪಿಯೆಂದು ಗೌರವಿಸುವ ನಾಡು, ಅವರು ಕಾರ್ಮಿಕ ನಾಯಕರೂ ಆಗಿದ್ದರೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಆದರೆ ನಾಗರಿಕ ಹಕ್ಕು, ಎಂದರೆ ಜಾತಿಯ ತಡೆಯಿಲ್ಲದೆ ನೀರು, ದಾರಿ, ಶಾಲೆ, ಉದ್ಯೋಗಗಳನ್ನು ಪಡೆಯುವ ಹಕ್ಕು, ದುಡಿಮೆಯ ಹಕ್ಕಿನಿಂದ ಬೇರೆಯಲ್ಲವೆಂದು ತೋರಿಸಿಕೊಟ್ಟವರು ಅವರೇ.

ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಹೆಚ್ಚು ಕೂಲಿ ದೊರೆಯುತ್ತಿದ್ದುದು ನೇಯ್ಗೆ ವಿಭಾಗದಲ್ಲಿ. ಅಲ್ಲಿ ಲಾಳಿಯ ಕಣ್ಣಿನಿಂದ ನೂಲಿನ ತುದಿಯನ್ನು ಬಾಯಿಂದ ಎಳೆದುಕೊಳ್ಳಬೇಕಾಗಿದ್ದುದರಿಂದ, ಎಂಜಲು ತಾಗಿ ಮೈಲಿಗೆಯಾಗುತ್ತದೆಂದು ಅಸ್ಪೃಶ್ಯರನ್ನು ಆ ಕೆಲಸದಿಂದ ದೂರವಿಟ್ಟಿದ್ದರು. ರೈಲ್ವೆಯಲ್ಲಿ ಹಳಿ ಕಾಯುವ ಗ್ಯಾಂಗ್‌ಮನ್ ಆಗಿ ಸೇರಿದ ದಲಿತನು ಬಹುಪಾಲು ಗ್ಯಾಂಗ್‌ಮನ್ ಆಗಿಯೇ ನಿವೃತ್ತನಾಗುತ್ತಿದ್ದನು. ಆದುದರಿಂದಲೇ 1938ರ ಫೆಬ್ರವರಿಯಲ್ಲಿ ಮನ್ಮಾಡದ ರೈಲ್ವೆ ದಲಿತ ಕಾರ್ಮಿಕರ ಸಮ್ಮೇಳನದಲ್ಲಿ ಅಂಬೇಡ್ಕರರು, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಎರಡೂ ದುಡಿಯುವವರ ಶತ್ರುಗಳೆಂದು ಸಾರಿದರು. ಬ್ರಾಹ್ಮಣಶಾಹಿಯೆಂದರೆ ಒಂದು ಜಾತಿಯ ಜನರಲ್ಲ, ಸ್ವಾತಂತ್ರ್ಯ, ಸಮಾನತೆ, ಬಂಧುತ್ವಗಳ ನಿರಾಕರಣೆ ಎಂದೂ ಬಿಡಿಸಿ ಹೇಳಿದರು.

ಅವರು 1936ರಲ್ಲಿ ಸ್ಥಾಪಿಸಿದ ಸ್ವತಂತ್ರ ಕಾರ್ಮಿಕ ಪಕ್ಷದಿಂದ ಮರುವರ್ಷ ಬೆಳಗಾವಿ ಜಿಲ್ಲೆಯ ಬಲವಂತ ಹನುಮಂತರಾವ ವರಾಳೆಯವರು ಮುಂಬಯಿ ವಿಧಾನಸಭೆಗೆ ಆಯ್ಕೆಯಾದರು. ಮುಷ್ಕರದ ಹಕ್ಕನ್ನು ಮೊಟಕುಗೊಳಿಸುವ ಕೈಗಾರಿಕಾ ವಿವಾದಗಳ ಮಸೂದೆಯ ವಿರುದ್ಧ ಪಕ್ಷವು 1938ರ ನವೆಂಬರ್ 7ರಂದು ಕಮ್ಯುನಿಸ್ಟರೊಡನೆ ಸೇರಿ ಮುಷ್ಕರ ಹೂಡಿತು. ಮುಂದೆ 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಅಂಬೇಡ್ಕರರ ಯತ್ನದ ಫಲವಾಗಿ, ಕಾರ್ಖಾನೆಗಳಲ್ಲಿ ವಾರದ ದುಡಿಮೆಯ ಮಿತಿ 54 ಗಂಟೆಯಿಂದ 48ಕ್ಕೆ ಇಳಿಯಿತು.

ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿದರೆ, 19ನೆಯ ವಿಧಿ ಸಂಘ ಕಟ್ಟುವ ಹಕ್ಕನ್ನು ನೀಡಿತು. ಆ ಹಕ್ಕಿಗೆ ನಿಪ್ಪಾಣಿಯಲ್ಲಿ ಜೀವ ತುಂಬಿದವರು ತಂಬಾಕು ವಖಾರಿಗಳ, ಅಂದರೆ ದಾಸ್ತಾನು ಗೋದಾಮುಗಳ, ಮಹಿಳೆಯರು. ಘಾಟು ತುಂಬಿದ ಧೂಳಿನಲ್ಲಿ ತಂಬಾಕು ಬಡಿದು ಜರಡಿ ಹಿಡಿಯುತ್ತಿದ್ದ ಅವರು ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘದಲ್ಲಿ ಒಗ್ಗೂಡಿದರು, ಅವರ ಹೋರಾಟವನ್ನು ಯುಗಾಂತರ ಎಂಬ ಮಹಿಳಾ ಚಿತ್ರತಂಡವು 1982ರಲ್ಲಿ ಸಾಕ್ಷ್ಯಚಿತ್ರದಲ್ಲಿ ದಾಖಲಿಸಿತು. ನ್ಯಾಯವಾದ ಕೂಲಿಯನ್ನು ಕೇಳುವುದೆಂದರೆ ಮನುಷ್ಯರಾಗಿ ಗೌರವವನ್ನು ಕೇಳುವುದೇ ಆಗಿದೆ ಎಂಬ ಅಂಬೇಡ್ಕರರ ನಿಲುವು, ಅವರ ಪರಿಷತ್ತು ನಡೆದ ಊರಿನಲ್ಲಿಯೇ ದುಡಿಯುವ ಹೆಣ್ಣುಮಕ್ಕಳಿಂದ ಹೀಗೆ ಸಮರ್ಥನೆ ಪಡೆಯಿತು.