ಮನಸ್ಸಿನ ಬೇನೆಯೂ ಬೇನೆಯೇ

(ಸಿದ್ದರಬೆಟ್ಟದ ತಪ್ಪಲಿನ ಊರೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಎದುರಿಗಿರುವ ಸಿದ್ದರಬೆಟ್ಟ ಔಷಧಿ ಗಿಡಮೂಲಿಕೆಗಳಿಗೆ ಹೆಸರಾದ ಬೆಟ್ಟ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದ ಜನ ಜಾತಿ ಮತಗಳ ಭೇದವಿಲ್ಲದೆ ಕಾಯಿಲೆ ವಾಸಿಯಾಗಲೆಂದು ತಲೆತಲಾಂತರದಿಂದ ಇದನ್ನು ಹತ್ತುತ್ತಾ ಬಂದಿದ್ದಾರೆ. ಮೊಣಕಾಲು ನೋವಿದೆ, ಚರ್ಮದ ಕಾಯಿಲೆಯಿದೆ ಎಂದು ಹೇಳಿ ಹತ್ತುವುದಕ್ಕೆ ಯಾರಿಗೂ ನಾಚಿಕೆಯಿಲ್ಲ. ಆದರೆ ಮೂರು ವಾರದಿಂದ ನಿದ್ರೆಯಿಲ್ಲ, ಯಾವುದರಲ್ಲಿಯೂ ಮನಸ್ಸು ನಿಲ್ಲುತ್ತಿಲ್ಲ, ಬದುಕೇ ಬೇಡವೆನಿಸುತ್ತಿದೆ ಎಂದು ನಮ್ಮಲ್ಲಿ ಎಷ್ಟು ಮಂದಿ ಬಾಯಿಬಿಟ್ಟು ಹೇಳಿದ್ದೇವೆ?

ಈ ವಿಷಯದ ಬಗ್ಗೆ ಮಾತನಾಡುವ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಇದೇ ಸೀಮೆಯ ಯುವಕನೊಬ್ಬ ಸರಕು ಆಟೋ ಓಡಿಸುವುದನ್ನು ಬಿಟ್ಟು ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗತೊಡಗಿದ. ಅವನ ತಾಯಿಯ ಒತ್ತಾಯಕ್ಕೆ ನಾವು ಅವನನ್ನು ನೋಡಲು ಹೋದೆವು. ನಮಾಝ್ ಬಿಡಬೇಡ, ಧೈರ್ಯ ತಂದುಕೊ, ಗಂಡಸಾದವನು ಹೀಗೆ ಮಲಗಬಾರದು ಎಂದು ಉಪದೇಶ ಮಾಡಿ, ಚಹಾ ಕುಡಿದು, ಅರ್ಧ ಗಂಟೆಯೊಳಗೆ ಎದ್ದು ಬಂದೆವು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹತ್ತು ದಿನಗಳ ಬಳಿಕ ಅವನು ಪ್ರಾಣ ಕಳೆದುಕೊಳ್ಳಲು ಯತ್ನಿಸಿದ. ಅಲ್ಲಾಹನ ಕೃಪೆ, ಬದುಕುಳಿದ. ಚಿಕಿತ್ಸೆ ದೊರೆಯಿತು, ಇಂದು ಮತ್ತೆ ಆಟೋ ಓಡಿಸುತ್ತಿದ್ದಾನೆ. ಒಂದು ದಿನ ಅವನೇ ಹೇಳಿದ: "ಭಾಯಿ, ಅವತ್ತು ನೀವು ಇನ್ನೊಂದು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ರೆ ನಾನೇ ಹೇಳಿಬಿಡ್ತಿದ್ದೆ." ಆ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತಿದೆ.

ಮಾನಸಿಕ ಕಾಯಿಲೆ ಎಂದೊಡನೆ ನಮಗೆ ಬೀದಿಯಲ್ಲಿ ಬಟ್ಟೆ ಹರಿದುಕೊಂಡು ಅಲೆಯುವವನ ಚಿತ್ರ ನೆನಪಾಗುತ್ತದೆ. ಅಂಥವರು ಕೆಲವೇ ಮಂದಿ. ನಮ್ಮ ನಡುವೆ ಹೆಚ್ಚಾಗಿರುವುದು ಸದ್ದಿಲ್ಲದ ಬಳಲಿಕೆ. ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಕಾಯಿಲೆಯ ಸ್ವರೂಪಕ್ಕೆ ಅನುಗುಣವಾಗಿ ಅವರಲ್ಲಿ ಶೇ. 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನೂರು ಮಂದಿ ವಯಸ್ಕರಿರುವ ಒಂದು ಸಭೆಯಲ್ಲಿ ಹತ್ತು ಮಂದಿ ಎಂದು ಲೆಕ್ಕ ಹಾಕಿ. ಅವರು ಯಾರೆಂದು ಪಕ್ಕದಲ್ಲಿ ಕುಳಿತವರಿಗೂ ತಿಳಿದಿರುವುದಿಲ್ಲ.

ತಿಳಿಯದಿರಲು ಒಂದು ಕಾರಣವಿದೆ. ನಮ್ಮ ಜನ ಮನಸ್ಸಿನ ನೋವನ್ನು ಮೈಯ ಭಾಷೆಯಲ್ಲಿ ಹೇಳುತ್ತಾರೆ. ತಲೆ ಭಾರ, ಎದೆ ಹಿಡಿದಂತಾಗುವುದು, ಕೈಕಾಲು ಸೋಲು, ಅಂಗಾಲು ಉರಿ, ಹೊಟ್ಟೆ ಉಬ್ಬರ. ಇತ್ತೀಚೆಗೆ ಎಲ್ಲಕ್ಕೂ ಒಂದೇ ಹೆಸರು, 'ಗ್ಯಾಸ್ಟ್ರಿಕ್'. ಆಸ್ಪತ್ರೆಗೆ ಹೋಗಿ "ನಿಶ್ಶಕ್ತಿ, ಒಂದು ಗ್ಲೂಕೋಸ್ ಹಾಕಿ" ಎನ್ನುತ್ತಾರೆ. ಬಾಟಲಿ ಮುಗಿಯುತ್ತದೆ, ನೋವು ಉಳಿಯುತ್ತದೆ. ಅವರು ನಟಿಸುತ್ತಿಲ್ಲ, ನೋವು ನಿಜವಾದದ್ದೇ. ರಕ್ತಹೀನತೆ, ಥೈರಾಯ್ಡ್ ತೊಂದರೆಗಳಿಂದಲೂ ಹೀಗಾಗುವುದುಂಟು, ಅವುಗಳ ಪರೀಕ್ಷೆ ಮೊದಲು ಆಗಬೇಕು. ಆದರೆ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ "ನಿನಗೇನೂ ಇಲ್ಲ, ಎದ್ದು ಕೆಲಸ ಮಾಡು" ಎಂದು ಗದರುವುದು ಅನ್ಯಾಯ.

ದುಃಖಕ್ಕೂ ಖಿನ್ನತೆ ಎಂಬ ಕಾಯಿಲೆಗೂ ವ್ಯತ್ಯಾಸವಿದೆ. ಬೆಳೆ ಹೋದಾಗ, ಆಪ್ತರು ತೀರಿಕೊಂಡಾಗ ದುಃಖವಾಗುವುದು ಮನುಷ್ಯ ಸಹಜ. ಅದು ಏರಿಳಿಯುತ್ತದೆ, ಮೊಮ್ಮಗುವಿನ ನಗುವಿಗೆ ಒಂದು ಕ್ಷಣ ಕರಗುತ್ತದೆ. ಖಿನ್ನತೆ ಹಾಗಲ್ಲ. ಎರಡು ವಾರಕ್ಕೂ ಮೀರಿ, ದಿನದ ಬಹುಪಾಲು ಮನಸ್ಸು ಕುಗ್ಗಿರುತ್ತದೆ. ಹಿಂದೆ ಇಷ್ಟವಾಗುತ್ತಿದ್ದುದು ಬೇಡವಾಗುತ್ತದೆ. ನಿದ್ರೆ, ಹಸಿವು ಕೆಡುತ್ತವೆ, ತಾನು ಯಾರಿಗೂ ಬೇಡವಾದವನು ಎಂಬ ಭಾವನೆ ಬೇರೂರುತ್ತದೆ. ಹತ್ತನೆಯ ಶತಮಾನದ ಮುಸ್ಲಿಮ್ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖೀ, ಕಾರಣ ತಿಳಿದಿರುವ ದುಃಖ ಬೇರೆ, ಕಾರಣವೇ ಇಲ್ಲದೆ ಕವಿಯುವ ದುಃಖ ಬೇರೆ ಎಂದು ಗುರುತಿಸಿದ್ದರು. ಅವರ ಗ್ರಂಥದ ಒಂದು ಭಾಗ ದೇಹದ ಆರೋಗ್ಯಕ್ಕೆ, ಇನ್ನೊಂದು ಭಾಗ ಮನಸ್ಸಿನ ಆರೋಗ್ಯಕ್ಕೆ ಮೀಸಲು. ಸಾವಿರ ವರ್ಷಗಳ ಹಿಂದೆ ನಮ್ಮ ವಿದ್ವಾಂಸರು ಅರಿತಿದ್ದುದನ್ನು ಇಂದು ನಾವು ಮರೆತಿದ್ದೇವೆ!

ಮರೆತು ನಾವು ಹೇಳುತ್ತಿರುವುದಾದರೂ ಏನು? ಈಮಾನ್ ದುರ್ಬಲವಾಗಿದೆ ಎನ್ನುತ್ತೇವೆ, ಇಲ್ಲವೇ ಯಾರೋ ಮಾಟ ಮಾಡಿಸಿದ್ದಾರೆ ಎನ್ನುತ್ತೇವೆ. ಮಗನನ್ನು ಕಳೆದುಕೊಂಡ ಪ್ರವಾದಿ ಯಾಕೂಬ್(ಅ)ರು ಅತ್ತು ಅತ್ತು ದೃಷ್ಟಿ ಕಳೆದುಕೊಂಡರೆಂದು ಕುರ್‌ಆನ್ ತಿಳಿಸುತ್ತದೆ. ಅವರ ಈಮಾನ್ ದುರ್ಬಲವಾಗಿತ್ತೇ? ಪತ್ನಿ ಖದೀಜಾ(ರ) ಮತ್ತು ದೊಡ್ಡಪ್ಪ ಅಬೂತಾಲಿಬರು ತೀರಿಕೊಂಡ ವರ್ಷ ಪ್ರವಾದಿ ಮುಹಮ್ಮದ್(ಸ)ರ ಚರಿತ್ರೆಯಲ್ಲಿ 'ದುಃಖದ ವರ್ಷ' ಎಂದೇ ಕರೆಯಲ್ಪಡುತ್ತದೆ. ಸಾವಾದ ಮನೆಗೆ ನೆರೆಯವರು ಅಡುಗೆ ಮಾಡಿ ಕಳುಹಿಸುವ ಸಂಪ್ರದಾಯವನ್ನು ಕಲಿಸಿದವರೂ ಅವರೇ. ಚಿಕಿತ್ಸೆ ಪಡೆಯಬೇಕೆಂದು ಆದೇಶಿಸಿದವರೂ ಅವರೇ. ಜ್ವರಕ್ಕೆ ದುಆದ ಜೊತೆ ಮಾತ್ರೆ ನುಂಗುವ ನಾವು ಮನಸ್ಸಿನ ಕಾಯಿಲೆಗೆ ಮಾತ್ರ ದುಆ ಸಾಕೆನ್ನುವುದಕ್ಕೆ ಆಧಾರವೇನು?

ಈ ಅಜ್ಞಾನದ ಬೆಲೆಯನ್ನು 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ದೇಶ ಕಂಡಿದೆ. ಅಲ್ಲಿಯ ದರ್ಗಾದ ಸುತ್ತ ಮಾನಸಿಕ ರೋಗಿಗಳನ್ನು ಹಣ ಪಡೆದು ಇಟ್ಟುಕೊಳ್ಳುವ ಖಾಸಗಿ ಮನೆಗಳು ಹುಟ್ಟಿಕೊಂಡಿದ್ದವು. ಅಂಥ ಒಂದರಲ್ಲಿ ಮುಂಜಾನೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಅವರನ್ನು ಅಲ್ಲಿಗೆ ಕರೆತಂದು ಬಿಟ್ಟವರು ವೈರಿಗಳಲ್ಲ, ಸ್ವಂತ ಮನೆಯವರು. ಬೇರೆ ದಾರಿ ತಿಳಿಯದವರು. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ನಂತರದ ವರ್ಷಗಳಲ್ಲಿ 'ದವಾ ಔರ್ ದುಆ' ಎಂಬ ಪ್ರಯೋಗ ನಡೆಯಿತು. ದರ್ಗಾದ ಮುಜಾವರರೇ ರೋಗಿಗಳನ್ನು ಅಲ್ಲೇ ಕುಳಿತ ವೈದ್ಯರ ಬಳಿಗೆ ಕಳುಹಿಸತೊಡಗಿದರು. ಹರಕೆ ಹೊತ್ತು ಬಂದವರನ್ನು ಹೀಯಾಳಿಸದೆ ಕೈಹಿಡಿದು ವೈದ್ಯರ ತನಕ ಕರೆದೊಯ್ಯಬಹುದು ಎಂಬುದಕ್ಕೆ ಇದು ಸಾಕ್ಷಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯಂತೆ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದು ನಿಷಿದ್ಧ. ನಮ್ಮ ಊರುಗಳಲ್ಲಿ ಹಿತ್ತಲ ಕೋಣೆಗೆ ಬೀಗ ಹಾಕಿ ಇಟ್ಟಿರುವವರಿದ್ದರೆ ಅವರ ಮನೆಯವರಿಗೆ ಇದನ್ನು ತಿಳಿಸಬೇಕು, ಆದರೆ ಬೆದರಿಸುವ ದನಿಯಲ್ಲಲ್ಲ.

ಇನ್ನು ತಾಯಂದಿರ ಬಗ್ಗೆ. ನಮ್ಮ ಅಜ್ಜಿಯರಿಗೆ 'ಬಾಣಂತಿ ಸನ್ನಿ' ಗೊತ್ತಿತ್ತು. ಹೆರಿಗೆಯಾದ ಕೆಲವೇ ದಿನ ಅಥವಾ ವಾರಗಳಲ್ಲಿ ನಿದ್ರೆಯಿಲ್ಲದೆ ಅಸಂಬದ್ಧ ಮಾತನಾಡುವುದು, ಮಗುವನ್ನು ಕಂಡರೆ ಹೆದರುವುದು ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ. ಆ ದಿನವೇ ಆಸ್ಪತ್ರೆಗೆ ಒಯ್ಯಬೇಕು. ಅದಕ್ಕಿಂತ ಹೆಚ್ಚು ಸಾಮಾನ್ಯವಾದುದು ಬಾಣಂತಿಯ ಸದ್ದಿಲ್ಲದ ಖಿನ್ನತೆ. "ಹೆತ್ತ ಮಗುವಿನ ಮೇಲೆ ಪ್ರೀತಿಯಿಲ್ಲ, ಎಂಥ ಹೆಣ್ಣು" ಎಂದು ಅತ್ತೆ ನಾದಿನಿಯರು ಆಡಿಕೊಳ್ಳುವಾಗ ಅವಳು ಯಾರಿಗೆ ಹೇಳಬೇಕು? ಹೆಣ್ಣು ಹೆತ್ತಳೆಂಬ ಮೂದಲಿಕೆಯೂ ಸೇರಿದರೆ ಕೇಳುವುದೇ ಬೇಡ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ 1,70,924 ಮಂದಿಯಲ್ಲಿ 25 ಸಾವಿರಕ್ಕೂ ಹೆಚ್ಚು ಗೃಹಿಣಿಯರು. ಕಾಲು ಭಾಗಕ್ಕೂ ಹೆಚ್ಚು ದಿನಗೂಲಿಗಳು.

ದಿನಗೂಲಿಗಳ ಈ ಲೆಕ್ಕ ನಮ್ಮನ್ನು ಇನ್ನೊಂದು ಸತ್ಯದತ್ತ ಕರೆದೊಯ್ಯುತ್ತದೆ. ಎಲ್ಲ ನೋವೂ ತಲೆಯೊಳಗೆ ಹುಟ್ಟುವುದಿಲ್ಲ. ಮಳೆ ಕೈಕೊಟ್ಟ ವರ್ಷ ಕಡಲೆಕಾಯಿ ಬಿತ್ತಿದವನಿಗೆ ನಿದ್ರೆ ಬರದಿದ್ದರೆ ಅದಕ್ಕೆ ಮಾತ್ರೆಯೊಂದೇ ಉತ್ತರವಲ್ಲ. ಪಾವಗಡದ ಸೌರ ಪಾರ್ಕಿಗೆ ಸುಮಾರು 13 ಸಾವಿರ ಎಕರೆ ಗುತ್ತಿಗೆಗೆ ಹೋದಾಗ ಜಮೀನಿದ್ದವನಿಗೆ ವರ್ಷ ವರ್ಷ ಬಾಡಿಗೆ ಬಂತು. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವನಿಗೆ, ಕುರಿ ಮೇಯಿಸುತ್ತಿದ್ದವನಿಗೆ ಏನು ಬಂತು? ವಾರದ ಕಂತು ಕಟ್ಟಲಾಗದ ಹೆಂಗಸಿನ ಮನೆ ಮುಂದೆ ವಸೂಲಿಗಾರರು ಕುಳಿತು ಮರ್ಯಾದೆ ತೆಗೆಯುವ ಹಾವಳಿ ಮಿತಿಮೀರಿದ ಮೇಲೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಕಿರುಸಾಲ ವಸೂಲಿಯ ಬಲವಂತವನ್ನು ತಡೆಯಲು ಸುಗ್ರೀವಾಜ್ಞೆ ತಂದಿತು. ಕೆಲವರ ಪಾಲಿಗೆ ಅದು ತಡವಾಗಿ ಬಂದ ಕಾನೂನು. ವರದಕ್ಷಿಣೆಗೂ ಆಡಂಬರದ ಮದುವೆಗೂ ಸಾಲ ಮಾಡಿಸುವ ಸಮಾಜ ನಾವೇ ಅಲ್ಲವೇ? ವಸೂಲಿಗಾರನನ್ನು ಮಾತ್ರ ದೂರಿ ಪ್ರಯೋಜನವಿಲ್ಲ.

ಚಿಕಿತ್ಸೆ ಎಲ್ಲಿದೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪಾವಗಡದಿಂದ ಜಿಲ್ಲಾ ಕೇಂದ್ರವೇ ಸುಮಾರು ನೂರು ಕಿಲೋಮೀಟರು. ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯನೂ ಇಲ್ಲ. ಆದರೂ ಈ ವಿಷಯದಲ್ಲಿ ದೇಶಕ್ಕೆ ದಾರಿ ತೋರಿದ್ದು ಕರ್ನಾಟಕ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ನೀಡಿ, ಸಾಮಾನ್ಯ ಮಾನಸಿಕ ಕಾಯಿಲೆಗಳಿಗೆ ಅಲ್ಲೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ನಮ್ಮ ಜಿಲ್ಲೆಯ ತುರುವೇಕೆರೆಯಲ್ಲಿ ಸ್ಕಿಜೋಫ್ರೇನಿಯಾದಂಥ ಕಠಿಣ ಕಾಯಿಲೆಯವರನ್ನೂ ಹುಡುಕಿ, ಊರು ಬಿಡಿಸದೆ ತಾಲೂಕಿನಲ್ಲೇ ನೋಡಿಕೊಳ್ಳುವ ಕೆಲಸವನ್ನು ನಿಮ್ಹಾನ್ಸ್ ವೈದ್ಯರು ವರ್ಷಗಟ್ಟಲೆ ಮಾಡಿದ್ದಾರೆ. ತುರುವೇಕೆರೆಗೆ ಸಾಧ್ಯವಾದದ್ದು ಪಾವಗಡಕ್ಕೆ ಏಕೆ ಬೇಡ ಎಂದು ನಮ್ಮ ಜನಪ್ರತಿನಿಧಿಗಳನ್ನು ಕೇಳಬೇಕು. ಮತ ಕೇಳಲು ಬಂದವರಿಗೆ ರಸ್ತೆ, ಚರಂಡಿಯ ಪಟ್ಟಿ ಕೊಡುವ ನಾವು ಈ ಬೇಡಿಕೆಯನ್ನು ಎಂದಾದರೂ ಇಟ್ಟಿದ್ದೇವೆಯೇ?

ಔಷಧಿಯ ಬಗ್ಗೆ ಇರುವ ಭಯವೂ ಹೋಗಬೇಕು. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ನಾಲ್ಕು ದಿನ ನುಂಗಿ ಗುಣವಿಲ್ಲವೆಂದು ಬಿಡುವುದು, ಸ್ವಲ್ಪ ಗುಣವಾದೊಡನೆ ತಾನೇ ನಿಲ್ಲಿಸುವುದು ಎರಡೂ ತಪ್ಪು. ಚಟ ಹಿಡಿಸುವ ಅಪಾಯವಿರುವುದು ಅಂಗಡಿಯಿಂದ ಸ್ವತಃ ತಂದು ತಿಂಗಳುಗಟ್ಟಲೆ ನುಂಗುವ ನಿದ್ರೆ ಮಾತ್ರೆಗೆ. ಎಲ್ಲರಿಗೂ ಮಾತ್ರೆ ಬೇಕಾಗುವುದೂ ಇಲ್ಲ. ಅನೇಕರಿಗೆ ಆಪ್ತಸಮಾಲೋಚನೆ, ಹೊತ್ತಿಗೆ ಸರಿಯಾದ ನಿದ್ರೆ, ಬಿಸಿಲಿಗೆ ಮೈಯೊಡ್ಡುವ ಕೆಲಸ, ಮಾತನಾಡಲು ಒಬ್ಬ ಜೊತೆಗಾರ ಇಷ್ಟೇ ಸಾಕಾಗುತ್ತದೆ. ಈ ಕೊನೆಯದನ್ನು ಕೊಡಲು ಯಾವ ಪದವಿಯೂ ಬೇಡ. ಉಪದೇಶ ಮಾಡದೆ ಕೇಳಿಸಿಕೊಳ್ಳಬೇಕು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು. ಕೇಳಿದರೆ ಎದೆಯ ಭಾರ ಇಳಿಯುತ್ತದೆ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬಾರದು. 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು.

ಕೊನೆಯದಾಗಿ ಒಂದು ಕೆಲಸ. 2014ರಲ್ಲಿ ರಾಜ್ಯ ಸರಕಾರ 'ಮನೋಚೈತನ್ಯ' ಎಂಬ ಹೆಸರಿನಲ್ಲಿ ನಿಗದಿತ ಮಂಗಳವಾರಗಳಂದು ಮನೋವೈದ್ಯರು ತಾಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆಯನ್ನು ಆರಂಭಿಸಿತು. ನಮ್ಮ ಆಸ್ಪತ್ರೆಗೆ ವೈದ್ಯರು ಯಾವ ದಿನ ಬರುತ್ತಾರೆಂದು ಈ ವಾರವೇ ಇಬ್ಬರು ಹೋಗಿ ವಿಚಾರಿಸಬೇಕು. ಆ ದಿನವನ್ನೂ 14416 ಎಂಬ ಸಂಖ್ಯೆಯನ್ನೂ ಮಸೀದಿಯ ಫಲಕದಲ್ಲಿ, ಹಾಲಿನ ಡೇರಿಯ ಗೋಡೆಯಲ್ಲಿ, ಅಂಗನವಾಡಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಸಬೇಕು. ಬಸ್ಸಿನ ಖರ್ಚಿಗೆ ಹಣವಿಲ್ಲದವರಿಗೆ ಬೈತುಲ್‌ಮಾಲ್‌ನಿಂದ ಕೊಡೋಣ, ಅವರು ಯಾವ ಧರ್ಮದವರೆಂದು ಕೇಳುವುದು ಬೇಡ. ಮೊದಲ ಸಲ ಹೋಗಲು ಅಂಜುವವರ ಜೊತೆ ಹೋಗಲು ಇಬ್ಬರು ಗಂಡಸರು, ಇಬ್ಬರು ಹೆಂಗಸರು ಬೇಕು. ಆ ಸರಕು ಆಟೋ ಯುವಕ ಈಗಾಗಲೇ ಹೆಸರು ಕೊಟ್ಟಿದ್ದಾನೆ. ಇನ್ನು ಮೂವರು ಸಭೆ ಮುಗಿದ ಮೇಲೆ ಇಲ್ಲೇ ನಿಲ್ಲಿ, ಹೆಸರು ಬರೆದುಕೊಳ್ಳೋಣ.