ಸುಗ್ಗಿ ಯಾರದು, ನೆಲ ಯಾರದು?

(ಅಂಕೋಲೆಯಲ್ಲಿ ರೈತ ಹಾಗೂ ಮೀನುಗಾರ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



ಹೋಳಿ ಹುಣ್ಣಿಮೆ ಹತ್ತಿರ ಬಂದಿದೆ. ಹಾಲಕ್ಕಿ ಕೊಪ್ಪಗಳಿಂದ ಗುಮಟೆಯ ಸದ್ದು ಕೇಳತೊಡಗಿದೆ. ಇಂಥ ಹೊತ್ತಿನಲ್ಲಿ ಹಬ್ಬದ ಬಗ್ಗೆ ಮಾತನಾಡುವವನಿಗಿಂತ ಹಬ್ಬದಲ್ಲಿ ಕುಣಿಯುವವನೇ ಮೇಲೆಂಬುದು ನಮಗೂ ಗೊತ್ತು. ಆದರೂ ಈ ವಿಷಯವನ್ನೇ ಎತ್ತಿಕೊಂಡುದಕ್ಕೆ ಕಾರಣವುಂಟು. ನಮ್ಮ ತರುಣ ಕಾರ್ಯಕರ್ತರಲ್ಲಿ ಕೆಲವರು, “ಹಬ್ಬ ಜಾತ್ರೆಗಳ ಗೊಡವೆ ಸಮಾಜವಾದಿಗಳಿಗೆ ಏಕೆ? ಅವುಗಳಿಂದ ಬಡವನ ಸಾಲ ಬೆಳೆಯುತ್ತದೆ, ಮೂಢನಂಬಿಕೆ ಬೆಳೆಯುತ್ತದೆ” ಎಂದು ಕೇಳುತ್ತಾರೆ. ಪ್ರಶ್ನೆ ಪ್ರಾಮಾಣಿಕವಾದುದು. ಅದಕ್ಕೆ ಪ್ರಾಮಾಣಿಕವಾದ ಉತ್ತರವನ್ನೇ ಕೊಡಬೇಕು.

ಮೊದಲು ನಮ್ಮ ಕಣ್ಣೆದುರಿನ ಸುಗ್ಗಿಯನ್ನೇ ನೋಡೋಣ. ಬೆಳಂಬಾರದ ಕಡೆಯ ಹಾಲಕ್ಕಿ ಒಕ್ಕಲಿಗರು ತಲೆಗೆ ಬಣ್ಣದ ಹೂಗಳ ತುರಾಯಿ ಕಟ್ಟಿ, ಕೈಯಲ್ಲಿ ಕೋಲು, ಕುಂಚ ಹಿಡಿದು ಊರೂರು ಸುತ್ತುತ್ತಾರೆ. ಸುಗ್ಗಿ ಮುಗಿಯುವ ತನಕ ಕುಣಿಯುವವರು ನೇಮದಿಂದಿರಬೇಕು. ಕೊಪ್ಪಕ್ಕೊಬ್ಬ ಗೌಡ, ಅವನಿಗೆ ಸಲಹೆ ಹೇಳಲು ಬುಧವಂತ, ಸುದ್ದಿ ಮುಟ್ಟಿಸಲು ಕೋಲಕಾರ. ಇವರೆಲ್ಲರೂ ಕೂಡಿ ನಿಶ್ಚಯಿಸಿದ ಮೇಲೆಯೇ ಸುಗ್ಗಿ ಹೊರಡುತ್ತದೆ. ನಾವು ಸಹಕಾರ ಸಂಘ ಕಟ್ಟಲು ಹತ್ತು ಸಭೆ ಕರೆಯುತ್ತೇವೆ. ಅಕ್ಷರ ಕಲಿಯಲು ಅವಕಾಶವೇ ಸಿಗದಿದ್ದ ಈ ಜನ ತಲೆಮಾರುಗಳಿಂದ ಸಂಘಟನೆಯನ್ನು ನಡೆಸಿಕೊಂಡು ಬಂದಿದ್ದಾರೆ. ಇದನ್ನು ಬರಿ ಮೂಢನಂಬಿಕೆಯೆಂದು ತಳ್ಳಿಹಾಕುವವನು ತಾನೇ ಕುರುಡನಾಗುತ್ತಾನೆ.

ಹೋಳಿಯ ಹಗರಣವನ್ನೂ ನೆನೆಯಿರಿ. ಅಂದು ಸಾಹುಕಾರನನ್ನು ಅಣಕಿಸುತ್ತಾರೆ, ಪೋಲೀಸನನ್ನು ಅಣಕಿಸುತ್ತಾರೆ, ಅಧಿಕಾರಿಯನ್ನೂ ಪುಢಾರಿಯನ್ನೂ ಬಿಡುವುದಿಲ್ಲ. ಉದ್ದುದ್ದ ಭಾಷಣ ಬಿಗಿದು, ಚಹಾ ಕುಡಿದು, ಮೋಟಾರು ಹತ್ತಿ ಹೋಗುವ ಮುಂದಾಳಿನ ಸೋಗನ್ನು ನಾವೂ ಕಂಡು ನಕ್ಕಿದ್ದೇವೆ. ನಕ್ಕ ಮೇಲೆ, ಅದು ನಮ್ಮದೇ ಸೋಗು ಎಂದು ತಿಳಿದು ಸುಮ್ಮನಾಗಿದ್ದೇವೆ. ವರ್ಷಕ್ಕೊಮ್ಮೆಯಾದರೂ ಬಡವನು ಬಲ್ಲಿದನ ಮುಖದೆದುರು ಸತ್ಯ ಹೇಳಬಲ್ಲ ದಿನವೊಂದಿದ್ದರೆ ಅದನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಆದರೆ ಹಬ್ಬದ ಇನ್ನೊಂದು ಮಗ್ಗುಲನ್ನು ಮುಚ್ಚಿಡಕೂಡದು. ಹಿಂದೆ ಈ ಸುಗ್ಗಿ ಯಾರ ಅಂಗಳದಲ್ಲಿ ಕುಣಿಯುತ್ತಿತ್ತು? ಒಡೆಯರ ಅಂಗಳದಲ್ಲಿ. ಕುಣಿದವನಿಗೆ ಅಕ್ಕಿ, ತೆಂಗಿನಕಾಯಿ, ನಾಲ್ಕು ಕಾಸು ಸಿಗುತ್ತಿದ್ದವು. ಆ ಅಕ್ಕಿ ಎಲ್ಲಿಯದು? ಮಳೆಯಲ್ಲಿ ನೆನೆದು ನೆಟ್ಟವನು ಅವನೇ, ಕೊಯ್ದವನೂ ಅವನೇ, ಗೇಣಿಯೆಂದು ಒಡೆಯನ ಕಣಜಕ್ಕೆ ಹೊತ್ತು ಹಾಕಿದವನೂ ಅವನೇ. ತಾನು ಬೆಳೆದ ಅಕ್ಕಿಯ ಒಂದು ಹಿಡಿಯನ್ನು ದಾನವೆಂದು ಪಡೆಯಲು ಅವನು ಕುಣಿಯಬೇಕಾಗಿತ್ತು! ಈ ಅನ್ಯಾಯವನ್ನು ಕಂಡೇ ಅಂಕೋಲೆಯ ಮಗನಾದ ದಿನಕರ ದೇಸಾಯಿಯವರು ಗೇಣಿ ರೈತರನ್ನು ಸಂಘಟಿಸಿದರು; ಅದಕ್ಕಾಗಿ ಜಿಲ್ಲೆಯಿಂದಲೇ ಗಡಿಪಾರಾದರು. 1930ರ ಏಪ್ರಿಲ್ 13ರಂದು ಉಪ್ಪಿನ ಕಾಯಿದೆಯನ್ನು ಮುರಿದ ಈ ತಾಲೂಕು, ಕರನಿರಾಕರಣೆಯಲ್ಲಿ ಹೊಲ ಮನೆ ಕಳೆದುಕೊಂಡ ಈ ತಾಲೂಕು, ಉಳುವವನ ಹಕ್ಕಿಗಾಗಿಯೂ ಹೋರಾಡಿತು. ಕೊನೆಗೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರನು ಭೂನ್ಯಾಯಮಂಡಳಿಯೆದುರು ನಿಂತು ತನ್ನ ಗದ್ದೆ ತನ್ನದೆನ್ನುವ ಕಾಲ ಬಂತು. ಗದ್ದೆ ಸಿಕ್ಕವನು ಮೊಟ್ಟಮೊದಲ ಬಾರಿಗೆ ಸ್ವಂತ ಸುಗ್ಗಿ ಕುಣಿದನು. ಗದ್ದೆ ಸಿಗದವರೂ ಬಹಳ ಮಂದಿ ಉಳಿದರೆಂಬುದನ್ನು ಮರೆಯಬಾರದು.

ಇನ್ನು ಅಂಕೋಲೆಯ ಬಂಡಿಹಬ್ಬ. ವೈಶಾಖದ ಹುಣ್ಣಿಮೆಗೆ ಊರಿಗೆ ಊರೇ ಭೂಮಿತಾಯಿಯ ಎದುರು ಸೇರುತ್ತದೆ. ಮಣ್ಣಿನ ಕೆಲಸದ ಗುನಗನೇ ಇಲ್ಲಿಯ ಗ್ರಾಮದೇವತೆಗಳಿಗೆ ಪೂಜಾರಿ. ದುಡಿಯುವವನ ಕೈಯಿಂದ ತಾಯಿ ಪೂಜೆ ಕೊಳ್ಳುತ್ತಾಳೆಂಬುದು ಹೆಮ್ಮೆಯ ಮಾತು. ಆದರೆ ಹುಟ್ಟಿದ ಜಾತಿ ನೋಡಿ ಒಬ್ಬೊಬ್ಬನಿಗೆ ಒಂದೊಂದು ಕೆಲಸ, ಒಂದೊಂದು ಜಾಗ ಎಂಬ ಕಟ್ಟಳೆ ನಮ್ಮ ಹಬ್ಬಗಳಲ್ಲಿ ಇನ್ನೂ ಉಳಿದಿದೆ. ಹಬ್ಬ ನಮ್ಮನ್ನು ಕೂಡಿಸುತ್ತದೆ, ಕೂಡಿಸುವಾಗಲೇ ಮೇಲು ಕೀಳೆಂದು ಸಾಲು ಹಚ್ಚುತ್ತದೆ. ಕೂಡಿಸುವುದನ್ನು ಉಳಿಸಿಕೊಂಡು ಸಾಲನ್ನು ಮುರಿಯುವುದು ನಮ್ಮ ಕೆಲಸ. ಹಬ್ಬದ ಹೆಸರಿನಲ್ಲಿ ಹರಿಯುವ ಹೆಂಡವನ್ನೂ ತಡೆಯಬೇಕು. ಬಡಿಗೇರಿಯ ಸುಕ್ರಿ ಬೊಮ್ಮಗೌಡರು ನೂರಾರು ಹಾಡುಗಳನ್ನು ನೆನಪಿನಲ್ಲಿ ಹೊತ್ತ ತಾಯಿ. ಅವರೇ ಸಾರಾಯಿಯ ವಿರುದ್ಧ ಬೀದಿಗಿಳಿದರು. ಹಾಡನ್ನು ಪ್ರೀತಿಸುವವರೇ ಹಬ್ಬದ ಕೊಳೆಯನ್ನು ತೊಳೆಯಬಲ್ಲರೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಕಾರವಾರದ ಕಡೆ ತಿರುಗೋಣ. ಅಲ್ಲಿ ಪುಷ್ಯದ ಹುಣ್ಣಿಮೆಗೆ ಕೂರ್ಮಗಡದ ನರಸಿಂಹ ದೇವರ ಜಾತ್ರೆ. ಮೀನುಗಾರರು ದೋಣಿ ಸಿಂಗರಿಸಿಕೊಂಡು, ಹರಕೆಯ ಬಾಳೆಹಣ್ಣು ಹೊತ್ತು ಕಡಲ ನಡುವಿನ ಆ ನಡುಗಡ್ಡೆಗೆ ಹೋಗುತ್ತಾರೆ. ಘಟ್ಟದ ಮೇಲಿನವರೂ ಬರುತ್ತಾರೆ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ನೀರುಪಾಲಾದರು. ಅವರಲ್ಲಿ ಮಕ್ಕಳೂ ಇದ್ದರು. ದೇವರ ಇಚ್ಛೆ ಎಂದು ಕೆಲವರು ನಿಟ್ಟುಸಿರಿಟ್ಟರು. ನಾವು ಹಾಗೆನ್ನಲಾರೆವು. ದೋಣಿಗೆ ಎಷ್ಟು ಜನ ಹತ್ತಬೇಕು, ತೇಲುವ ಅಂಗಿ ಎಲ್ಲರಿಗೂ ಉಂಟೇ ಎಂದು ನೋಡುವುದು ಮನುಷ್ಯನ ಕೆಲಸ, ಸರ್ಕಾರದ ಹೊಣೆ. ಬಡವನ ಭಕ್ತಿಗೆ ಕೈಮುಗಿಯುವ ಸರ್ಕಾರ ಬಡವನ ಜೀವಕ್ಕೂ ಅಷ್ಟೇ ಬೆಲೆ ಕೊಡಬೇಡವೇ?

ಬಂಧುಗಳೇ, ಈಗ ಮುಖ್ಯ ಮಾತಿಗೆ ಬರುತ್ತೇವೆ. ಹಬ್ಬ ಆಕಾಶದಲ್ಲಿ ನಡೆಯುವುದಿಲ್ಲ. ಅದಕ್ಕೆ ನೆಲ ಬೇಕು, ದಡ ಬೇಕು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ದೇಶದ ರಕ್ಷಣೆಗೆಂದು ಕಾರವಾರ ಅಂಕೋಲೆಗಳ ಕರಾವಳಿಯ ಹಳ್ಳಿಗಳು ಎದ್ದುಹೋದವು. ಜನರಿಗೆ ಬೇರೆ ಕಡೆ ನಿವೇಶನ ಕೊಟ್ಟರು, ಪರಿಹಾರಕ್ಕಾಗಿ ವರ್ಷಾನುಗಟ್ಟಲೆ ಕೋರ್ಟು ಕಚೇರಿಗಳಿಗೆ ಅಲೆಸಿದರು. ಆದರೆ ಒಂದು ಕೇರಿಯವರನ್ನು ನಾಲ್ಕು ದಿಕ್ಕಿಗೆ ಹಂಚಿದ ಮೇಲೆ ಅವರ ಹಬ್ಬವನ್ನು ಯಾವ ನಿವೇಶನದಲ್ಲಿ ಇಡಬೇಕು? ಅದಕ್ಕೆ ಯಾವ ಪರಿಹಾರದ ಪಟ್ಟಿಯಲ್ಲಿಯೂ ಕಲಮು ಇರಲಿಲ್ಲ. 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ವಿರುದ್ಧ ಕಾರವಾರದ ಮೀನುಗಾರರು ಟಾಗೋರ್ ಕಡಲತೀರದ ಉಳಿವಿಗಾಗಿ ಎದ್ದುನಿಂತರು. 2025ರ ಫೆಬ್ರುವರಿಯಲ್ಲಿ ಕೇಣಿಯ ಹೆಂಗಸರೂ ಗಂಡಸರೂ ಬಂದರಿನ ಸಮೀಕ್ಷೆಯನ್ನು ಪ್ರತಿಭಟಿಸಿದರು. ಇತ್ತ 2020ರ ತಿದ್ದುಪಡಿಯಿಂದ ರೈತನಲ್ಲದವನೂ, ಹಣವೊಂದಿದ್ದರೆ, ಸಾಗುವಳಿ ಭೂಮಿ ಕೊಳ್ಳುವಂತಾಗಿದೆ. ಒಡೆಯನ ಕೈಯಿಂದ ಬಿಡಿಸಿದ ಗದ್ದೆ ಹೊಸ ಒಡೆಯನ ಕೈಗೆ ಹೋಗಲು ಎಷ್ಟು ದಿನ ಬೇಕು?

ಇದೇ ಹೊತ್ತಿಗೆ ಸರ್ಕಾರ ಉತ್ಸವಗಳನ್ನು ಮಾಡಿ, ವಿದ್ಯುದ್ದೀಪದ ವೇದಿಕೆಯ ಮೇಲೆ ಸುಗ್ಗಿಯವರಿಗೆ ಹತ್ತು ನಿಮಿಷ ಕೊಡುತ್ತದೆ. ಕುಣಿದು ಇಳಿದವರಿಗೆ ಒಂದು ಶಾಲು. ಸುಕ್ರಿಯವರಿಗೆ 2017ರಲ್ಲಿ ಪದ್ಮಶ್ರೀ ಬಂತು, ನಾವೆಲ್ಲರೂ ಹಿಗ್ಗಿದೆವು. ಆದರೆ ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ಅವರು ಮತ್ತೆ ಮತ್ತೆ ಕೇಳಿದ ಬೇಡಿಕೆ ಈಡೇರಲಿಲ್ಲ. ಅದನ್ನು ಕಾಣದೆಯೇ 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಪದಕ ಕೊಟ್ಟು ಹಕ್ಕು ತಡೆಹಿಡಿಯುವುದು, ಹಳೆಯ ಒಡೆಯ ಕೊಡುತ್ತಿದ್ದ ಹಿಡಿ ಅಕ್ಕಿಗಿಂತ ಎಷ್ಟು ಬೇರೆ?

ತರುಣ ಮಿತ್ರರಿಗೆ ನಮ್ಮ ಉತ್ತರ ಇಷ್ಟೇ. ಈ ಹುಣ್ಣಿಮೆಗೆ ಕೊಪ್ಪಗಳಿಗೆ ಹೋಗಿರಿ. ಭಾಷಣ ಮಾಡಲು ಹೋಗಬೇಡಿರಿ. ಗುಮಟೆ ಕೇಳಿರಿ, ಹಗರಣದಲ್ಲಿ ನಿಮ್ಮನ್ನು ಅಣಕಿಸಿದರೆ ನಗಿರಿ. ಮರುದಿನ ಬಣ್ಣ ತೊಳೆದ ಮೇಲೆ ಅದೇ ಜಗಲಿಯಲ್ಲಿ ಕುಳಿತು, ಯಾರ ಗದ್ದೆಯ ಪಹಣಿ ಯಾರ ಹೆಸರಿನಲ್ಲಿದೆ, ಯಾರ ಅರ್ಜಿ ಎಲ್ಲಿ ಕೊಳೆಯುತ್ತಿದೆ, ಯಾರ ದೋಣಿಗೆ ದಡವಿಲ್ಲ ಎಂದು ಬರೆದುಕೊಳ್ಳಿರಿ. ಆ ಪಟ್ಟಿಯನ್ನು ಹಿಡಿದು ನಾವೆಲ್ಲರೂ ತಾಲೂಕು ಕಚೇರಿಗೆ ಹೋಗೋಣ. ತುರಾಯಿ ಕಟ್ಟಿದವರೂ ಬರಲಿ, ಗುಮಟೆಯೂ ಬರಲಿ.

ನೆಲ ಉಳಿದರೆ ಸುಗ್ಗಿ ಉಳಿದೀತು.