ರಸ್ತೆಗೂ ಕೇಳುವವರು ಇರಬೇಕು

(ವರವು ಕಾವಲ್ ಸುತ್ತಲಿನ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಉಳಿತಾಯ, ಸಾಲ, ಬಡ್ಡಿ ಲೆಕ್ಕ ಆಮೇಲೆ ನೋಡೋಣ. ಇವತ್ತು ರಸ್ತೆ ವಿಷಯ ಮಾತಾಡಬೇಕು.

ಬಳ್ಳಾರಿಯಿಂದ ರಾಂಪುರ, ತಳಕು, ಚಳ್ಳಕೆರೆ ಹಾದು ಹಿರಿಯೂರಿಗೆ ಹೋಗುವ ನಮ್ಮ ರಸ್ತೆ ರಾಷ್ಟ್ರೀಯ ಹೆದ್ದಾರಿ 150ಎ. ವರವು ಕಾವಲಿನಲ್ಲಿ 2017ರಲ್ಲಿ ಡಿಆರ್‌ಡಿಓ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. ಗೋಡೆ ಬಂದ ಮೇಲೆ ದನ ಕುರಿ ಒಳಗೆ ಬಿಡುವಂತಿಲ್ಲ. ಮೇಯಿಸುವವರು ರಸ್ತೆ ಅಂಚಿನ ಹುಲ್ಲು ನೋಡಬೇಕು. ಕತ್ತಲಲ್ಲಿ ಬರುವ ಲಾರಿಯವನಿಗೆ ಕರಿ ಕಂಬಳಿ ಹೊದ್ದವರು ಕಾಣುತ್ತಾರಾ, ನೀವೇ ಹೇಳಿ!

ರೈಲಿನ ವಿಷಯ ಸ್ವಲ್ಪ ಬೇರೆ. ಹೊಸ ಹಳಿಯಲ್ಲಿ ಪ್ರಯಾಣಿಕರ ಗಾಡಿ ಬಿಡುವ ಮೊದಲು ರೈಲ್ವೆ ಸುರಕ್ಷತಾ ಆಯುಕ್ತರು ಬಂದು ಪರೀಕ್ಷೆ ಮಾಡಬೇಕು. ಈ ಆಯುಕ್ತರು ರೈಲ್ವೆ ಇಲಾಖೆಯ ಕೈಕೆಳಗಿಲ್ಲ, ವಿಮಾನಯಾನ ಸಚಿವಾಲಯದ ಅಡಿಯಲ್ಲಿದ್ದಾರೆ. ಗಾಡಿ ಓಡಿಸುವವರೇ ತಮಗೆ ತಾವೇ ಸರ್ಟಿಫಿಕೇಟ್ ಕೊಟ್ಟುಕೊಳ್ಳಬಾರದು ಅಂತ. ಬ್ರಾಡ್‌ಗೇಜ್ ಹಳಿಯ ಮೇಲೆ ಕಾಯುವವರಿಲ್ಲದ ಗೇಟುಗಳನ್ನು 2019ರ ಜನವರಿ ಹೊತ್ತಿಗೆ ದೇಶದಲ್ಲೆಲ್ಲ ತೆಗೆದರು.

ಹೆದ್ದಾರಿಗೆ ಇಂಥ ಬಿಗಿ ಇಲ್ಲ. ಆದರೂ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಕಲಂ ಸೇರಿತು. ರಸ್ತೆಯನ್ನು ನಿಗದಿತ ಸುರಕ್ಷತಾ ಮಟ್ಟದಲ್ಲಿ ಕಟ್ಟದೆ, ನೋಡಿಕೊಳ್ಳದೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ ಗುತ್ತಿಗೆದಾರನಿಗೂ ಸಂಬಂಧಪಟ್ಟ ಪ್ರಾಧಿಕಾರಕ್ಕೂ ಒಂದು ಲಕ್ಷದವರೆಗೆ ದಂಡ. ಇಷ್ಟು ದೊಡ್ಡ ರಸ್ತೆ ಕಟ್ಟುವವರಿಗೆ ಒಂದು ಲಕ್ಷ ಏನೂ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ಆದರೂ ಕಲಂ ಇದೆ, ಬಳಸಬೇಕು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇದೆ. ಎಲ್ಲಿ ದೀಪ ಇಲ್ಲ, ಎಲ್ಲಿ ಕುರಿ ದಾಟುತ್ತವೆ ಅಂತ ಗ್ರಾಮಸಭೆಯಲ್ಲಿ ಠರಾವು ಮಾಡಿ ಅವರಿಗೆ ಕಳಿಸಿ. ಬಾಯಿ ಮಾತಿನಲ್ಲಿ ಹೇಳಿ ಬಂದರೆ ಗಾಳಿಗೆ ಹೋಗುತ್ತದೆ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. "ಗುದ್ದಿದ ಗಾಡಿ ಯಾವುದು ಅಂತಾನೇ ಗೊತ್ತಿಲ್ಲ, ಯಾರ ಮೇಲೆ ಕೇಸು ಹಾಕೋದು ಸಿಸ್ಟರ್?" ಅಂತ ಹಳ್ಳಿಗಳಲ್ಲಿ ಕೇಳುತ್ತಾರೆ. ಗಾಡಿ ಗೊತ್ತಾಗದಿದ್ದರೂ ಪರಿಹಾರ ಉಂಟು! 2022ರ ಏಪ್ರಿಲ್ 1ರಿಂದ ಜಾರಿಯಾದ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ. ಮೊದಲು ಸಾವಿಗೆ ಬರೀ 25 ಸಾವಿರ ಇತ್ತು. ಆದರೆ ಕೇಳುವವರೇ ಇಲ್ಲ. 2022ರಲ್ಲಿ ದೇಶದಲ್ಲಿ ಗುದ್ದಿ ಓಡಿಹೋದ ಪ್ರಕರಣಗಳು 67,387. 2022-23ರಲ್ಲಿ ಬಂದ ಅರ್ಜಿಗಳು 205 ಮಾತ್ರ. ಇದನ್ನು ನೋಡಿ 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಒಂದು ತಿಂಗಳಲ್ಲಿ ಗಾಡಿ ಪತ್ತೆಯಾಗದಿದ್ದರೆ, ಪರಿಹಾರ ಕೇಳಬಹುದು ಅಂತ ಪೊಲೀಸರೇ ಮನೆಯವರಿಗೆ ಬರವಣಿಗೆಯಲ್ಲಿ ತಿಳಿಸಬೇಕು, ಯಾವ ಅಧಿಕಾರಿಗೆ ಅರ್ಜಿ ಕೊಡಬೇಕು ಅನ್ನೋದನ್ನೂ ತಿಳಿಸಬೇಕು.

ಆದ್ದರಿಂದ ದುಃಖದಲ್ಲಿ "ಆದದ್ದು ಆಯಿತು" ಅಂತ ದೂರು ಕೊಡದೆ ಮಣ್ಣು ಮಾಡಬೇಡಿ. ಎಫ್‌ಐಆರ್, ಮರಣೋತ್ತರ ಪರೀಕ್ಷೆ ಇಲ್ಲದಿದ್ದರೆ ಅರ್ಜಿ ನಿಲ್ಲುವುದಿಲ್ಲ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು ಹೇಳಲೇಬೇಕೆಂಬ ಬಲವಂತವೂ ಇಲ್ಲ. 134ಎ ಕಲಂ ಅವರಿಗೆ ರಕ್ಷಣೆ ಕೊಡುತ್ತದೆ. ಹೆದ್ದಾರಿ ಸಹಾಯವಾಣಿ 1033, ಪಾಸ್‌ಬುಕ್ಕಿನ ಹಿಂದೆ ಬರೆದುಕೊಳ್ಳಿ.

ನಿಮ್ಮ ಊರಿನಲ್ಲಿ 2022ರ ಏಪ್ರಿಲ್ ನಂತರ ಹೀಗೆ ಯಾರನ್ನಾದರೂ ಕಳೆದುಕೊಂಡ ಮನೆ ಇದ್ದರೆ ಮುಂದಿನ ಸಭೆಗೆ ಕರೆತನ್ನಿ. ಎಫ್‌ಐಆರ್ ಪ್ರತಿ, ಆಧಾರ್, ಬ್ಯಾಂಕ್ ಪುಸ್ತಕ ತರಲಿ. ಇಲ್ಲೇ ಕೂತು ಅರ್ಜಿ ಬರೆಯೋಣ.